ನಕ್ಷತ್ರದ ಪ್ರಕಾರ ಹದಿನೆಂಟು

ನಮ್ಮ ಮನೆಯಲ್ಲಿ ಹುಟ್ಟುಹಬ್ಬ ಮಾಡುವುದು ಪಂಚಾಂಗ ನೋಡಿಯೇ. ಈ ವರ್ಷ ಮಗಳ ಜನ್ಮನಕ್ಷತ್ರ ಇಂಗ್ಲಿಷ್ ತಾರೀಖಿಗಿಂತ ಮೊದಲೇ ಬಂತು. ದೇವರಿಗೆ ಪಾಯಸ ನೈವೇದ್ಯ ಮಾಡಿ, "ಹದಿನೆಂಟು ತುಂಬಿತು, ಇನ್ನು ನೀನು ದೊಡ್ಡವಳು" ಎಂದು ಆರತಿ ಎತ್ತಿದೆ. ಅದೇ ಧೈರ್ಯದಲ್ಲಿ ಅವಳು ಗುರುಗ್ರಾಮದ ಚೆಸ್ ಪಂದ್ಯಕ್ಕೆ ಒಬ್ಬಳೇ ಹೊರಟಳು. ಅಮ್ಮನಿಲ್ಲದೆ ಹೋಟೆಲಿನಲ್ಲಿ ಎರಡು ದಿನ ಇರುವ ಖುಷಿ ಅವಳಿಗೆ ಪಂದ್ಯಕ್ಕಿಂತ ದೊಡ್ಡದಾಗಿತ್ತು.

ಮಧ್ಯಾಹ್ನ ಫೋನು ಬಂತು. "ಅಮ್ಮಾ, ರೂಮ್ ಕೊಡ್ತಿಲ್ಲ. ಅಠಾರಾ ಆಗಿರ್ಬೇಕಂತೆ. ನೀನೇ ಬಾತ್ ಕರೋ."

ರಿಸೆಪ್ಷನ್ ಹುಡುಗಿಗೆ ನನ್ನ ಹಿಂದಿಯಲ್ಲೇ ಬಿಡಿಸಿ ಹೇಳಿದೆ. "ನೋಡಮ್ಮ, ನಕ್ಷತ್ರದ ಪ್ರಕಾರ ಅವಳಿಗೆ ಮೊನ್ನೆಯೇ ಹದಿನೆಂಟಾಗಿದೆ. ಪೂಜೆಯೂ ಆಗಿದೆ."

"ಆಂಟೀಜೀ, ಕಂಪ್ಯೂಟರ್ ಆಧಾರ್‌ನಲ್ಲಿರೋ ತಾರೀಖು ಕೇಳುತ್ತೆ. ನಕ್ಷತ್ರ ಹಾಕೋಕೆ ಜಾಗ ಇಲ್ಲ. ನೀವು ಜೊತೆಗಿದ್ದರೆ ರೂಮ್ ಕೊಡ್ತೀವಿ."

ದೆಹಲಿಯ ನಮ್ಮ ಬಡಾವಣೆ ರೋಹಿಣಿಯಲ್ಲಿ ಮೆಟ್ರೊ ಹತ್ತಿದೆ. ಹೋಟೆಲಿನಲ್ಲಿ ಮಗಳು ಮುಖ ಊದಿಸಿಕೊಂಡು ಕೂತಿದ್ದಳು. "ರೂಮಲ್ಲೇ ಇರು ಅಮ್ಮಾ. ಪಂದ್ಯದ ಹಾಲ್‌ಗೆ ಮಾತ್ರ ಬರಬೇಡ, ಪ್ಲೀಸ್."

ಅವಳು ಹೇಳಿದಂತೆಯೇ ಕೇಳಿದೆ. ಬೇರೆಯವರು ಹಾಸಿದ ಹಾಸಿಗೆಯಲ್ಲಿ ಮಲಗಿದೆ. ಬೇರೆಯವರು ಮಾಡಿದ ಚಹಾವನ್ನು ಕೂತಲ್ಲೇ ಕುಡಿದೆ. ಕುಕ್ಕರ್ ಕೂಗಲಿಲ್ಲ, ಯಾರೂ ಟವೆಲ್ ಎಲ್ಲಿ ಎಂದು ಕೇಳಲಿಲ್ಲ. ಸಹಸ್ರನಾಮ ಒಂದು ಸಾಲೂ ತಪ್ಪದೆ ಮುಗಿಯಿತು. ಮದುವೆಯಾದ ಮೇಲೆ ಇಂಥ ಎರಡು ದಿನ ಭಗವಂತ ಕೊಟ್ಟಿದ್ದು ಇದೇ ಮೊದಲು.

ವಾಪಸು ಬರುವಾಗ ಮಗಳು ಹೇಳಿದಳು, "ಮುಂದಿನ ತಿಂಗಳು ನೋಯ್ಡಾದಲ್ಲಿ ಪಂದ್ಯ ಇದೆ. ಆಗ ನಂಗೆ ಪಕ್ಕಾ ಹದಿನೆಂಟು. ನೀನು ಬರೋದೇ ಬೇಡ."

ನನಗೆ ಸ್ವಲ್ಪ ಬೇಸರವೇ ಆಯಿತು.