ಬೇರೆ ಮರಿ ಇದೆಯಾ ಎಂದು ಡಾಕ್ಟರ್ ಕೇಳಿದಾಗ

ರಾಣಿ ಮನೆಗೆ ಬಂದ ಮೂರನೆಯ ದಿನ ಬೆಳಿಗ್ಗೆ ಹಾಲು ಮುಟ್ಟಲಿಲ್ಲ. ಬಟ್ಟಲಿನ ಹತ್ತಿರ ಬಂತು, ಮೂಸಿತು, ಹಿಂದೆ ಸರಿದು ಮಲಗಿತು. ಸ್ವಲ್ಪ ಹೊತ್ತಿಗೆ ಬಿಳಿ ನೊರೆ ಕಾರಿಕೊಂಡಿತು. ತಾಯಿಯನ್ನು ಬಿಟ್ಟು ಬಂದಿದೆ, ಸರಿಹೋಗುತ್ತದೆ ಎಂದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಭೇದಿ ಶುರುವಾಯಿತು. ಒರೆಸಲು ಬಟ್ಟೆ ತಂದವಳು ಅಲ್ಲೇ ನಿಂತುಬಿಟ್ಟೆ.

ರಕ್ತವಿತ್ತು.

ರಾಣಿ ನಮ್ಮ ಲ್ಯಾಬ್ರಡಾರ್ ಮರಿ. ಅದನ್ನು ನಾನು ಪ್ರೀತಿಯಿಂದ ತಂದದ್ದಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು.

ಯಗಟಿಯಲ್ಲಿ ನಮ್ಮದು ಒಂದೇ ಅಂಗಳದ ಎರಡು ಮನೆ. ಒಂದರಲ್ಲಿ ನಾವು ಮತ್ತು ಅತ್ತೆ, ಇನ್ನೊಂದರಲ್ಲಿ ಮೈದುನ ಮತ್ತು ಅವನ ಹೆಂಡತಿ ಶೋಭಾ. ಶೋಭಾ ನನಗಿಂತ ಹತ್ತು ವರ್ಷ ಚಿಕ್ಕವಳು. ವಿಚಾರಿಸದೆ ಯಾವುದಕ್ಕೂ ಕೈಹಾಕುವವಳಲ್ಲ. ನಾಯಿಮರಿ ಸಾಕಬೇಕು ಅನ್ನಿಸಿದಾಗ ಮೊದಲು ಕಡೂರಿನ ಪಶುವೈದ್ಯರೊಬ್ಬರ ಕ್ಲಿನಿಕ್ಕಿಗೆ ಹೋಗಿ, ಮರಿ ಎಲ್ಲಿ ತರಬೇಕು, ಏನು ನೋಡಬೇಕು ಎಂದು ಕೇಳಿಕೊಂಡು ಬಂದಳು. ಆಮೇಲೆ ಮನೆಯಲ್ಲೇ ನಾಯಿ ಸಾಕಿ ಮರಿ ಮಾಡಿಸುವ ಒಬ್ಬರನ್ನು ಹುಡುಕಿದಳು. ಅವರು ತಾಯಿನಾಯಿಯನ್ನು ತೋರಿಸಿದರಂತೆ, ಅದು ಮಲಗುವ ಜಾಗ ತೋರಿಸಿದರಂತೆ, ಹಗಲು ಮನೆಯಲ್ಲಿ ಯಾರಿರುತ್ತಾರೆ ಎಂದು ಇವಳನ್ನೇ ಪ್ರಶ್ನೆ ಮಾಡಿದರಂತೆ. ಎಂಟು ವಾರ ತುಂಬುವವರೆಗೆ ಮರಿ ಕೊಡುವುದಿಲ್ಲ ಅಂದರಂತೆ. ಇವಳು ಕಾದಳು. ಆ ಮರಿ ಚಿನ್ನು ಮನೆಗೆ ಬಂದಾಗ ಅದರ ಜೊತೆಗೆ ಮೊದಲ ಲಸಿಕೆಯ ಸ್ಟಿಕ್ಕರ್, ಡಾಕ್ಟರ ಸಹಿ ಇದ್ದ ಪುಟ್ಟ ಪುಸ್ತಕವೂ ಬಂತು.

ಇಷ್ಟೇ ಆಗಿದ್ದರೆ ನನಗೇನೂ ಅನ್ನಿಸುತ್ತಿರಲಿಲ್ಲವೇನೋ. ಆದರೆ ಅತ್ತೆ ಆ ಮನೆಯ ಜಗುಲಿಗೆ ಹೋಗಿ ಕೂರತೊಡಗಿದರು. ಹದಿನೆಂಟು ವರ್ಷ ನನ್ನ ಅಡುಗೆಮನೆಯ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸಿಕೊಟ್ಟವರು. ಬಂದುಹೋಗುವವರಿಗೆಲ್ಲ ಮರಿಯನ್ನು ಎತ್ತಿ ತೋರಿಸಿ, "ನಮ್ ಶೋಭಾ ಮಗೀನ್ ಸಾಕ್ದಂಗೆ ಸಾಕವ್ಳೆ ಕಣ್ರೀ" ಅನ್ನುತ್ತಿದ್ದರು. ನಮ್ ಶೋಭಾ. ಎತ್ತಿಕೊಳ್ಳಿ ಬನ್ನಿ ಎಂದು ಶೋಭಾ ಅಂಗಳದ ಆಚೆಯಿಂದ ಕರೆದಾಗಲೆಲ್ಲ ಕೆಲಸವಿದೆ ಎನ್ನುತ್ತಿದ್ದೆ.

ಹತ್ತು ದಿನ ತಡೆದುಕೊಂಡೆ. ತರೀಕೆರೆಗೆ ಒಂದು ಮದುವೆಗೆ ಹೋದಾಗ, ಫೋನಿನಲ್ಲಿ ಫೋಟೊ ಕಳಿಸಿದ್ದ ಒಬ್ಬಾತನನ್ನು ಬಸ್ ಸ್ಟ್ಯಾಂಡ್ ಹತ್ತಿರ ಕರೆಸಿಕೊಂಡೆ. ರಟ್ಟಿನ ಪೆಟ್ಟಿಗೆಯಲ್ಲಿ ನಾಲ್ಕು ಮರಿಗಳಿದ್ದವು. ತಾಯಿ ಎಲ್ಲಿ ಎಂದದ್ದಕ್ಕೆ ತೋಟದಲ್ಲಿದೆ ಎಂದ. ಲಸಿಕೆ ಎಲ್ಲ ಆಗಿದೆ ಎಂದು ಪೆನ್ನಿನಲ್ಲಿ ತಾರೀಖು ಬರೆದ ಕಾರ್ಡ್ ಕೊಟ್ಟ. ನಾನು ಮತ್ತೇನೂ ಕೇಳಲಿಲ್ಲ. ಚಿನ್ನುವಿಗಿಂತ ಬೆಳ್ಳಗಿರುವ ಮರಿ ಬೇಕಿತ್ತು, ಸಿಕ್ಕಿತು.

ರಕ್ತ ಕಂಡ ಮೇಲೂ ಕಡೂರಿಗೆ ಹೊರಡಲಿಲ್ಲ. ಅದು ಶೋಭಾಳ ಡಾಕ್ಟರು ಅನ್ನುವ ಹಟ. ಊರಿನಲ್ಲಿ ಕುರಿಗಳಿಗೆ ಇಂಜೆಕ್ಷನ್ ಚುಚ್ಚುವವನೊಬ್ಬನನ್ನು ಕರೆಸಿದೆ. ಅವನು ಜ್ವರ ನೋಡಲಿಲ್ಲ, ಏನು ತಿಂದಿತ್ತು ಎಂದು ಕೇಳಲಿಲ್ಲ, ಎರಡು ಚುಚ್ಚಿ ಹೋದ. ಒಂದು ದಿನ ಹೀಗೆ ಹಾಳಾಯಿತು. ಮರುದಿನ ಮರಿಯ ಕಣ್ಣು ಒಳಗೆ ಹೋಗಿತ್ತು. ಕತ್ತಿನ ಚರ್ಮ ಎತ್ತಿದರೆ ಎತ್ತಿದ ಹಾಗೇ ನಿಲ್ಲುತ್ತಿತ್ತು. ತರೀಕೆರೆಯವನಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ನಮ್ಮ ಮನೆಯವರು ಬೈಕ್ ತೆಗೆದರು. ರಾಣಿಯನ್ನು ಟವೆಲಿನಲ್ಲಿ ಸುತ್ತಿ ಎದೆಗವಚಿಕೊಂಡು ಹಿಂದೆ ಕೂತೆ. ಕೈಗೆ ಭಾರವೇ ಇರಲಿಲ್ಲ.

ಕಡೂರಿನ ಕ್ಲಿನಿಕ್ಕಿನಲ್ಲಿ ಡಾಕ್ಟರ್ ಮೇಡಂ ಮರಿಯ ಬಾಯಿ ಬಿಡಿಸಿ ಹಲ್ಲು ನೋಡಿದರು. ಕಾರ್ಡನ್ನು ತಿರುಗಿಸಿ ನೋಡಿದರು. ಇದಕ್ಕಿನ್ನೂ ಐದು ವಾರವೂ ತುಂಬಿಲ್ಲ, ಲಸಿಕೆಯ ವಯಸ್ಸೇ ಆಗಿಲ್ಲ, ಕಾರ್ಡಿನಲ್ಲಿ ಸ್ಟಿಕ್ಕರೂ ಇಲ್ಲ, ಹಾಕಿದವರ ಹೆಸರೂ ಇಲ್ಲ ಎಂದರು. ಕೋವಿಡ್ ಟೆಸ್ಟಿನಂಥದೇ ಒಂದು ಪಟ್ಟಿಯಲ್ಲಿ ಎರಡು ಗೆರೆ ಮೂಡಿದವು.

ಪಾರ್ವೋ ಪಾಸಿಟಿವ್.

ಇದು ಕರುಳಿಗೆ ಬೀಳುವ ವೈರಸ್, ನೇರವಾಗಿ ಇದನ್ನು ಕೊಲ್ಲುವ ಔಷಧಿ ಇಲ್ಲ, ಡ್ರಿಪ್ ಕೊಟ್ಟು ವಾಂತಿ ನಿಲ್ಲಿಸಿ ಮರಿ ತಾನೇ ಚೇತರಿಸಿಕೊಳ್ಳುವವರೆಗೆ ಉಳಿಸಿಕೊಳ್ಳಬೇಕು, ಉಳಿಯುತ್ತದೆ ಎಂದು ಮಾತು ಕೊಡಲಾರೆ ಎಂದರು. ಮುಂಗಾಲಿನ ಕೂದಲು ಬೋಳಿಸಿ ಸೂಜಿ ಹಾಕುತ್ತಾ ಕೇಳಿದರು.

"ಮನೇಲಿ, ಅಕ್ಕಪಕ್ಕದಲ್ಲಿ ಬೇರೆ ಮರಿ ಇದ್ಯಾ?"

ನಮ್ಮ ಮನೆಯವರು ಮೆಡಿಕಲ್ ಶಾಪಿಗೆ ಹೋಗಿದ್ದರು.

"ಇಲ್ಲ ಮೇಡಂ" ಅಂದೆ.

ಯಾಕೆ ಹಾಗಂದೆ ಎಂದು ಆಮೇಲೆ ತುಂಬ ಯೋಚಿಸಿದ್ದೇನೆ. ನಾನು ಮೋಸಹೋದದ್ದು ಶೋಭಾಳಿಗೆ ಗೊತ್ತಾಗುತ್ತದಲ್ಲ ಎಂಬ ಅವಮಾನ ಒಂದು. ಇನ್ನೊಂದು ಅದಕ್ಕಿಂತ ಕೆಟ್ಟದ್ದು, ಬರೆಯುವುದಕ್ಕೂ ಕೈ ಹಿಂಜರಿಯುತ್ತದೆ. ಬಂದರೆ ಅವಳ ಮರಿಗೂ ಬರಲಿ ಅನ್ನಿಸಿತ್ತು. ಒಂದು ಕ್ಷಣ ಅನ್ನಿಸಿ ಹೋಯಿತು ಎನ್ನಲಾರೆ. ಕಡೂರಿನಿಂದ ಯಗಟಿಯವರೆಗೆ ಅದು ನನ್ನ ಜೊತೆಗೇ ಬಂತು.

ಮನೆ ತಲುಪಿದಾಗ ಚಿನ್ನು ನಮ್ಮ ಹೊಸ್ತಿಲ ಹತ್ತಿರವೇ ಇತ್ತು. ರಾಣಿ ವಾಂತಿ ಮಾಡಿದ್ದ ನೆಲವನ್ನು ಮೂಸುತ್ತಿತ್ತು. ನನ್ನನ್ನು ಕಂಡು ಇಡೀ ಮೈಯನ್ನೇ ಅಲ್ಲಾಡಿಸಿಕೊಂಡು ಬಂತು. ಅಷ್ಟು ದಿನದಲ್ಲಿ ನಾನು ಅದನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಅದಕ್ಕೇನು ಗೊತ್ತು. ನನ್ನ ಕಾಲ್ಬೆರಳು ನೆಕ್ಕಲು ಬಾಯಿ ಹಾಕಿತು.

ಕಾಲು ಎಳೆದುಕೊಂಡು, ಶೋಭಾ ಎಂದು ಕೂಗಿದೆ.

ಎಲ್ಲವನ್ನೂ ಹೇಳಿದೆ, ಡಾಕ್ಟರಿಗೆ ಸುಳ್ಳಾಡಿದ್ದನ್ನೂ. ಮನಸ್ಸಿನಲ್ಲಿ ಬಂದದ್ದನ್ನು ಮಾತ್ರ ಹೇಳಲಿಲ್ಲ. ಅವಳು ಮರಿಯನ್ನು ಎತ್ತಿಕೊಂಡು ದೂರ ನಿಂತಳು.

"ನನ್ ಮೇಲೆ ಸಿಟ್ಟಿದ್ರೆ ನನ್ನ ಬೈಬೇಕಿತ್ತು ಅಕ್ಕ. ಇದೇನ್ ಮಾಡಿತ್ತು?"

ಅವಳಿಗೆ ಗೊತ್ತಿತ್ತು. ಇಷ್ಟು ದಿನವೂ ಗೊತ್ತಿತ್ತು.

ಅವಳು ಆಗಲೇ ಡಾಕ್ಟರಿಗೆ ಫೋನ್ ಮಾಡಿದಳು. ಚಿನ್ನುವಿಗೆ ಆಗಿದ್ದದ್ದು ಒಂದೇ ಲಸಿಕೆ, ಎರಡನೆಯದಕ್ಕೆ ನಾಲ್ಕು ದಿನ ಬಾಕಿಯಿತ್ತು. ಒಂದರಿಂದ ಪೂರ್ತಿ ರಕ್ಷಣೆ ಸಿಗುವುದಿಲ್ಲ, ನಾಳೆಯೇ ಕರೆತನ್ನಿ, ಹತ್ತು ದಿನ ಕಣ್ಣಿಟ್ಟಿರಿ ಎಂದರಂತೆ. ಕಾಯಿಲೆಯ ಮರಿ ಮುಟ್ಟಿದವರು ಇನ್ನೊಂದನ್ನು ಮುಟ್ಟಲೇಬಾರದು ಎಂದೂ ಹೇಳಿದರು. ಅಂಗಳಕ್ಕೆಲ್ಲ ಬ್ಲೀಚಿಂಗ್ ನೀರು ಬಿತ್ತು. ಅತ್ತೆ ಆ ಮನೆಗೇ ಹೋದರು. ನಾನೇ ಕಳಿಸಿದೆ ಎಂದು ಬೇರೆಯವರ ಹತ್ತಿರ ಹೇಳಿಕೊಂಡೆ. ನಿಜವಾಗಿ, ನಾನು ಬಾಯಿ ತೆರೆಯುವ ಮೊದಲೇ ಅವರು ಸೀರೆಗಳನ್ನು ಚೀಲಕ್ಕೆ ತುಂಬಿಕೊಂಡಾಗಿತ್ತು.

ಐದು ದಿನ ಡ್ರಿಪ್. ದಿನಾ ಕಡೂರು, ದಿನಾ ಅದೇ ಬೆಂಚು. ಮರಿಯ ಭೇದಿಯ ವಾಸನೆ ಎಷ್ಟು ಸೋಪು ಹಚ್ಚಿದರೂ ನನ್ನ ಕೈಯಿಂದ ಹೋಗಲಿಲ್ಲ. ಅನ್ನ ಕಲಸಲು ಆಗುತ್ತಿರಲಿಲ್ಲ. ಮೂರನೆಯ ದಿನ ರಾಣಿ ಕಣ್ಣನ್ನೇ ತೆರೆಯಲಿಲ್ಲ. ಡಾಕ್ಟರು ಸ್ಟೆತಸ್ಕೋಪು ಇಟ್ಟು ಬಹಳ ಹೊತ್ತು ಕೇಳಿಸಿಕೊಂಡರು. ಆ ಬೆಂಚಿನ ಮೇಲೆ ಕೂತು, ಅದರ ಹೊಟ್ಟೆ ಏರುವುದನ್ನೂ ಇಳಿಯುವುದನ್ನೂ ನೋಡುತ್ತಾ, ಇದು ನನಗೆ ಬೇಕು ಎಂದು ಮೊದಲ ಸಲ ಅನ್ನಿಸಿತು. ಯಾರಿಗೂ ತೋರಿಸುವುದಕ್ಕಲ್ಲ. ಬೆಳ್ಳಗಿದೆ ಎಂದೂ ಅಲ್ಲ.

ನಾಲ್ಕನೆಯ ದಿನ ವಾಂತಿ ನಿಂತಿತು. ಐದನೆಯ ದಿನ ನನ್ನ ಬೆರಳಿನಿಂದ ನೀರು ನೆಕ್ಕಿತು.

ಚಿನ್ನುವಿಗೆ ಏನೂ ಆಗಲಿಲ್ಲ. ಹತ್ತನೆಯ ದಿನ ಶೋಭಾ ಅಂಗಳದ ಆಚೆಯಿಂದಲೇ ಅದನ್ನು ಹೇಳಿದಾಗ ರಾಣಿಯನ್ನು ಎತ್ತಿಕೊಂಡು ಬಾಗಿಲಲ್ಲಿ ಕೂತೆ. ದೊಡ್ಡ ಸಮಾಧಾನ. ಆದರೂ ಚಿನ್ನುವಿನ ಹೊಳೆಯುವ ಮೈ ಕಂಡು, ನನ್ನ ತೊಡೆಯ ಮೇಲಿದ್ದ ಮೂಳೆಯ ಗೂಡನ್ನು ಕಂಡು, ಹಾಳು ಹೊಟ್ಟೆಯುರಿ ಮತ್ತೆ ಎದ್ದಿತು.

ಪಾರ್ವೋ ಗೆದ್ದರೂ ಡಿಸ್ಟೆಂಪರ್, ರೇಬೀಸ್‌ನಂಥ ಬೇರೆ ಕಾಯಿಲೆಗಳು ಬಿಟ್ಟಾವೆಯೇ. ಚೇತರಿಸಿಕೊಂಡ ಮೇಲೆ ಮೊದಲ ಲಸಿಕೆಗೆ ಬರಲು ಮೇಡಂ ಹೇಳಿದ್ದರು. ನಮ್ಮ ಮನೆಯವರಿಗೆ ಪುರುಸೊತ್ತಿರಲಿಲ್ಲ. ಶೋಭಾ ತಾನೇ ಸ್ಕೂಟಿಯಲ್ಲಿ ಕರೆದುಕೊಂಡು ಹೋದಳು. ಕ್ಲಿನಿಕ್ಕಿನಲ್ಲಿ ನಾನೇ ಆ ದಿನದ ಸುಳ್ಳಿನ ವಿಷಯ ಎತ್ತಿದೆ. ಮೇಡಂ ಸಿರಿಂಜಿಗೆ ಔಷಧಿ ಎಳೆಯುತ್ತಿದ್ದರು.

"ಗಾಬರೀಲಿ ಜನ ಹಂಗಂತಾರೆ, ಬಿಡಿ" ಅಂದರು.

"ಗಾಬರಿ ಅಲ್ಲ ಮೇಡಂ, ಹೊಟ್ಟೆಕಿಚ್ಚು. ಇವಳ ಮರಿಗೂ ಬರ್ಲಿ ಅನ್ಕೊಂಡಿದ್ದೆ."

ಅವರು ಕೈ ನಿಲ್ಲಿಸಿ ನನ್ನನ್ನು ನೋಡಿದರು. ಶೋಭಾ ನೋಡಲಿಲ್ಲ. ಮುಂದೆ ಬಂದು ರಾಣಿಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಸೂಜಿ ಹೋಗಿ ಹೊರಗೆ ಬಂದ ಮೇಲೂ ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದಳು. ನಾನು ಹೊರಗೆ ಬಂದು ಅತ್ತುಬಿಟ್ಟೆ. ಅವಳು ಸ್ಕೂಟಿ ಸ್ಟಾರ್ಟ್ ಮಾಡಿ, ಹತ್ತಿ ಅಕ್ಕ, ಬಿಸಿಲಾಗ್ತದೆ ಎಂದಳು.

ರಾಣಿ ಇನ್ನೂ ಸಣ್ಣಗೇ ಇದೆ. ಡಾಕ್ಟರು ಬೆಳೆಯುತ್ತದೆ ಅನ್ನುತ್ತಾರೆ, ಎಷ್ಟು ಎಂದು ಹೇಳುವುದಿಲ್ಲ. ಅತ್ತೆ ಮಲಗಲು ನಮ್ಮ ಮನೆಗೆ ಬಂದಿದ್ದಾರೆ, ಆದರೆ ಸಂಜೆ ಕೂರುವುದು ಆ ಜಗುಲಿಯಲ್ಲೇ. ಕಂಡರೆ ಈಗಲೂ ಒಳಗೆ ಚುರ್ ಅನ್ನುತ್ತದೆ. ಆಗ ಸೊಪ್ಪಿನ ಮೊರ ಒಂದು ಕೈಯಲ್ಲಿ, ರಾಣಿಯನ್ನು ಇನ್ನೊಂದು ಕೈಯಲ್ಲಿ ಎತ್ತಿಕೊಂಡು ನಾನೂ ಅಂಗಳ ದಾಟಿ ಅಲ್ಲಿಗೇ ಹೋಗಿ ಕೂರುತ್ತೇನೆ.