ಮುತ್ತುವಿಗೆ ಹಾಕಿದ ಮಿಕ್ಕ ಹುಳುಗಳು

ಕತಾರಿನಲ್ಲಿ ಫುಟ್‌ಬಾಲ್ ವಿಶ್ವಕಪ್ ಮುಗಿದ ಮರುವರ್ಷ ನಾನು ದೋಹಾದ ಒಂದು ಖಾಸಗಿ ಪಶು ಚಿಕಿತ್ಸಾಲಯದಲ್ಲಿ ಕಿರಿಯ ವೈದ್ಯೆಯಾಗಿದ್ದೆ. ಬೆಕ್ಕು, ನಾಯಿಗಳನ್ನು ಹಿರಿಯರು ನೋಡುತ್ತಿದ್ದರು. ಹಲ್ಲಿ, ಹಾವು, ಆಮೆಗಳು ನನ್ನ ಪಾಲು. ನಾನೇ ಕೇಳಿ ಪಡೆದ ಪಾಲು. ಆದರೆ ಆಸಕ್ತಿ ಇದ್ದ ಮಾತ್ರಕ್ಕೆ ಅಸಹ್ಯ ಹೋಗುವುದಿಲ್ಲ. ಕಾಯಿಲೆಬಿದ್ದ ಹಲ್ಲಿಯ ಭೇದಿಗೆ ಒಂದು ವಾಸನೆಯಿದೆ. ಗ್ಲೌಸ್ ಬಿಚ್ಚಿ, ಸಾಬೂನಿನಲ್ಲಿ ಕೈ ತೊಳೆದು, ಮನೆಗೆ ಹೋಗಿ ಊಟಕ್ಕೆ ಕುಳಿತರೂ ಅದು ಬೆರಳ ಸಂದಿಯಲ್ಲೇ ಇದೆ ಅನ್ನಿಸುತ್ತದೆ. ಆ ಬೇಸಿಗೆಯುದ್ದಕ್ಕೂ ನಾನು ಚಮಚದಲ್ಲಿ ಊಟ ಮಾಡಿದೆ.

ಮೇ ತಿಂಗಳಲ್ಲಿ ಅಲ್ ಅಜೀಜಿಯಾ ಬಡಾವಣೆಯಿಂದ ನಫೀಸಾ ಎಂಬವರು ಮಗಳು ಶಿಫಾಳ ಜೊತೆ ಬಂದರು. ಬಂಟ್ವಾಳದ ಕಡೆಯ ಕುಟುಂಬ. ಶಿಫಾ ಹುಟ್ಟಿದ್ದೇ ಕತಾರಿನಲ್ಲಿ. ಹತ್ತನೇ ತರಗತಿ ಮುಗಿಸಿದ್ದ ಅವಳ ಬಳಿ ಆರು ವರ್ಷಗಳಿಂದ ಒಂದು ಲೆಪರ್ಡ್ ಗೆಕೋ ಇತ್ತು. ಇದು ಹಳದಿ ಮೈಮೇಲೆ ಕಪ್ಪು ಚುಕ್ಕೆಗಳಿರುವ ಹಲ್ಲಿ. ಒಂಟೆ ಡುಬ್ಬದಲ್ಲಿ ಕೂಡಿಡುವಂತೆ ಬಾಲದಲ್ಲಿ ಕೊಬ್ಬು ಕೂಡಿಡುತ್ತದೆ. ಬಾಲ ದಪ್ಪಗಿದ್ದರೆ ಆರೋಗ್ಯ ಚೆನ್ನಾಗಿದೆ ಎಂದರ್ಥ. ಅದರ ಹೆಸರು ಮುತ್ತು. ಶಿಫಾಳ ಭುಜದ ಮೇಲೆ ಕುಳಿತು ಅವಳು ಓದುವುದನ್ನು ನೋಡುತ್ತಿತ್ತಂತೆ. ಆದರೆ ಅಂದು ಅವರು ತಂದದ್ದು ಮುತ್ತುವನ್ನಲ್ಲ, ಹೊಸದೊಂದು ಗೆಕೋವನ್ನು. ಲುಸೈಲ್‌ನಲ್ಲಿ ಫ್ಲ್ಯಾಟ್ ಖಾಲಿ ಮಾಡಿ ಫೈನಲ್ ಎಕ್ಸಿಟ್ ಮೇಲೆ, ಎಂದರೆ ವೀಸಾ ರದ್ದುಮಾಡಿಸಿ ಶಾಶ್ವತವಾಗಿ, ದೇಶ ಬಿಡುತ್ತಿದ್ದ ಒಬ್ಬಾತ ಸೋಫಾ, ಮೇಜುಗಳ ಜೊತೆ ಅದನ್ನೂ ಗಾಜಿನ ಪೆಟ್ಟಿಗೆ ಸಮೇತ ಕೊಟ್ಟುಬಿಟ್ಟಿದ್ದ.

"ಡಾಕ್ಟ್ರೇ, ನಿಮ್ಮದು ಕನ್ನಡವಾ? ಅಲ್‌ಹಮ್ದುಲಿಲ್ಲಾ!" ಎಂದರು ನಫೀಸಾ. "ಈ ಜಂತುವಿನ ಕಕ್ಕಸಿನ ವಿಷಯ ಇಂಗ್ಲಿಷಲ್ಲಿ ಹೇಳ್ಲಿಕ್ಕೆ ನಂಗೆ ಬರುದಿಲ್ಲ."

"ಉಮ್ಮ, ಜಂತು ಅನ್ಬೇಡಿ ಪ್ಲೀಸ್."

"ಮುತ್ತುವಿಗೆ ಹೇಳಿದ್ದಾ ನಾನು? ಅದು ನಮ್ಮ ಮನೆಯದ್ದು. ಇದು ಜಂತುವೇ."

ಪೆಟ್ಟಿಗೆಯ ಒಂದು ಮೂಲೆಯಲ್ಲಿ ಹಳೆಯ ಹಿಕ್ಕೆ ಪದರ ಪದರವಾಗಿ ಒಣಗಿ ಗಾಜಿಗೆ ಅಂಟಿತ್ತು. ನೀರಿನ ಬಟ್ಟಲಲ್ಲಿ ಲೋಳೆ. ಅದರಲ್ಲೊಂದು ಸತ್ತ ಹುಳು ಉಬ್ಬಿ ತೇಲುತ್ತಿತ್ತು. ಗೆಕೋ ಮಾತ್ರ ಗುಂಡಗೆ, ಚುರುಕಾಗಿತ್ತು. ಅಂಥ ಕೊಳಕಿನಲ್ಲಿ ಅಷ್ಟು ಚೆಂದದ ಪ್ರಾಣಿ ಇದ್ದದ್ದು ನನಗೆ ಹಿಡಿಸಲಿಲ್ಲ.

ಹೊಸ ಸರೀಸೃಪ ಮನೆಗೆ ಬಂದರೆ ಅದನ್ನು ಕ್ವಾರಂಟೈನ್‌ನಲ್ಲಿ ಇಡಬೇಕು, ಎಂದರೆ ಹಳೆಯದರಿಂದ ಪೂರ್ತಿ ಬೇರೆಯಾಗಿ, ಕನಿಷ್ಠ ಮೂರು ತಿಂಗಳು. ಬೇರೆ ಕೋಣೆ, ಬೇರೆ ಬಟ್ಟಲು, ಬೇರೆ ಚಿಮಟ. ಹಿಕ್ಕೆ ಎದ್ದು ಕಾಣುವಂತೆ ನೆಲಕ್ಕೆ ಬಿಳಿಯ ಟಿಶ್ಯೂ ಪೇಪರ್. ಮೊದಲು ಹಳೆಯದರ ಆರೈಕೆ, ಕೊನೆಗೆ ಹೊಸದರದ್ದು. ಹಿಕ್ಕೆಯ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿಸಬೇಕು. ಏಕೆಂದರೆ ಕೆಲವು ಪರೋಪಜೀವಿಗಳು ಒಂದು ವಾರ ಹೊರಬಂದು ಇನ್ನೊಂದು ವಾರ ಕಾಣಿಸಿಕೊಳ್ಳುವುದಿಲ್ಲ. ಮೊದಲ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. "ಆದರೂ ಆ ಕೋಣೆಯಿಂದ ಈ ಕೋಣೆಗೆ ಏನೂ ಹೋಗಬಾರದು" ಎಂದು ಇಬ್ಬರಿಗೂ ಹೇಳಿ ಕಳುಹಿಸಿದೆ.

ಜುಲೈ ಕೊನೆಯಲ್ಲಿ ಅವರು ಮತ್ತೆ ಬಂದರು. ಈ ಸಲ ಮುತ್ತುವಿನೊಂದಿಗೆ. ದಪ್ಪಗಿದ್ದ ಬಾಲ ಒಣಗಿದ ಹುಣಸೆಕಾಯಿಯಂತಾಗಿತ್ತು. ಬಾಯಿಗೆ ಹಾಕಿದ್ದನ್ನು ಕಕ್ಕುತ್ತಿತ್ತು. ನಾನು ಹಿಡಿದೆತ್ತಿದಾಗ ನನ್ನ ಕೈಮೇಲೆಯೇ ಭೇದಿಯಾಯಿತು; ತೆಳ್ಳಗೆ, ಬೂದು ಬಣ್ಣದ್ದು. ಅದರಲ್ಲಿ ಅರಗದ ಹುಳುವಿನ ಕಾಲುಗಳು ಹಾಗೇ ಇದ್ದವು. ಮುಖದಲ್ಲಿ ಏನನ್ನೂ ತೋರಿಸದಿರುವುದು ನನಗೆ ಅಭ್ಯಾಸವಾಗಿತ್ತು. ಅಂದು ಅದಕ್ಕೂ ಕಷ್ಟಪಡಬೇಕಾಯಿತು.

ಸ್ಲೈಡಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಹಸಿರು ಹಿನ್ನೆಲೆಯಲ್ಲಿ ಕೆಂಪು ಚುಕ್ಕೆಗಳು, ರವೆ ಚೆಲ್ಲಿದ ಹಾಗೆ. ಕ್ರಿಪ್ಟೊಸ್ಪೊರಿಡಿಯಂ. ಗೆಕೋಗಳ ಕರುಳಿನಲ್ಲಿ ಕೂತು ಅವನ್ನು ಹಸಿವಿನಿಂದಲೇ ಕೊಲ್ಲುವ ಪರೋಪಜೀವಿ ಇದು. ಖಚಿತವಾಗಿ ಗುಣಪಡಿಸುವ ಔಷಧವಿಲ್ಲ. ಸಾಮಾನ್ಯ ಬ್ಲೀಚಿಗೆ ಸಾಯುವುದಿಲ್ಲ. ಹೊಸ ಗೆಕೋವಿನ ಹಿಕ್ಕೆ ತರಿಸಿ ನೋಡಿದೆ. ಅದರಲ್ಲಿ ಇನ್ನೂ ಹೆಚ್ಚು ಚುಕ್ಕೆಗಳು. ಅದು ಮಾತ್ರ ಇನ್ನೂ ಗುಂಡಗೇ ಇತ್ತು. ಎರಡರ ಮಾದರಿಗಳನ್ನೂ ಪಿಸಿಆರ್ ಪರೀಕ್ಷೆಗೆ ಹೊರದೇಶದ ಲ್ಯಾಬಿಗೆ ಕಳುಹಿಸಿದೆ. ಉತ್ತರ ಅದೇ ಬಂತು.

ಬೇರೆ ಬೇರೆ ಕೋಣೆಯಲ್ಲಿದ್ದವುಗಳ ನಡುವೆ ಅದು ದಾಟಿದ್ದು ಹೇಗೆ ಎಂದು ತಿಳಿಯಲು ಶುಕ್ರವಾರ ಅವರ ಮನೆಗೆ ಹೋದೆ. ನಫೀಸಾರಿಗಿದ್ದಷ್ಟು ಶಿಸ್ತು ನಮ್ಮ ಚಿಕಿತ್ಸಾಲಯದಲ್ಲೂ ಇರಲಿಲ್ಲ. ಹೊಸದರ ಕೋಣೆಯ ಬಾಗಿಲಲ್ಲಿ ಬೇರೆ ಚಪ್ಪಲಿ, ಮಾಸ್ಕು, ಒಂದರ ಮೇಲೊಂದು ಗ್ಲೌಸು. ಒಳಗೆ ಹೋಗಿ ಬಂದಮೇಲೆ ಹಜಾರಕ್ಕೆ ಊದಿನ ಹೊಗೆ ಬೇರೆ.

"ನಂಗೆ ಹೇಸಿಗೆ ಡಾಕ್ಟ್ರೇ. ಇವಳು ಬೆಳಿಗ್ಗೆ ಏಳುವ ಮೊದಲು ನಾನೇ ಎಲ್ಲ ಕ್ಲೀನ್ ಮಾಡುದು. ಇವಳ ಕೈಗೆ ಆ ಗಲೀಜು ತಾಗ್ಲಿಕ್ಕೆ ಬಿಡುದಿಲ್ಲ. ಬನ್ನಿ, ತೋರಿಸ್ತೇನೆ."

ಹೊಸ ಗೆಕೋವಿನ ಪೆಟ್ಟಿಗೆಯಲ್ಲಿ ಹಿಂದಿನ ದಿನ ಹಾಕಿದ್ದ ಹುಳುಗಳಲ್ಲಿ ಕೆಲವು ಉಳಿದಿದ್ದವು. ಇವು ಕ್ರಿಕೆಟ್ ಎಂಬ ಹೆಸರಿನಲ್ಲಿ ಜೀವಂತ ಮಾರುವ, ಮಿಡತೆಯಂಥ ಕಂದು ಹುಳುಗಳು. ಗೆಕೋಗಳ ಮುಖ್ಯ ಆಹಾರ. ಎರಡು ಹುಳುಗಳು ಹಸಿ ಹಿಕ್ಕೆಯ ಮೇಲೆ ಕೂತು ಮೇಯುತ್ತಿದ್ದವು. ನಫೀಸಾ ಮುಖ ಸಿಂಡರಿಸಿ, ಚಿಮಟದಲ್ಲಿ ಅವನ್ನು ಒಂದೊಂದಾಗಿ ಹಿಡಿದು ಒಂದು ಡಬ್ಬಿಗೆ ಹಾಕಿದರು. ಟಿಶ್ಯೂ ಸುತ್ತಿ ಕಸದ ಚೀಲಕ್ಕೆ ಎಸೆದರು. ಗ್ಲೌಸ್ ಬಿಚ್ಚಿದರು, ಚಪ್ಪಲಿ ಬದಲಿಸಿದರು, ಕೈ ತೊಳೆದರು. ಆಮೇಲೆ ಡಬ್ಬಿ ಹಿಡಿದುಕೊಂಡು ಮುತ್ತುವಿನ ಕೋಣೆಯ ಕಡೆ ಹೊರಟರು.

"ಅದನ್ನು ಎಲ್ಲಿಗೆ ಒಯ್ಯುತ್ತಿದ್ದೀರಿ?" ಎಂದೆ.

"ಮುತ್ತುವಿಗೆ. ಆ ಹೊಸದು ಅರ್ಧ ತಿಂದು ಬಿಡ್ತದೆ. ಜೀವ ಇರುವ ಆಹಾರ ಅಲ್ವಾ, ಬಿಸಾಡ್ಲಿಕ್ಕೆ ಮನಸ್ಸು ಬರುದಿಲ್ಲ. ನಮ್ಮ ಮನೆಯಲ್ಲಿ ತಟ್ಟೆಯ ಒಂದಗುಳೂ ಕಸಕ್ಕೆ ಹೋಗ್ಲಿಕ್ಕಿಲ್ಲ."

ಹಿಕ್ಕೆ ತುಂಬಿಕೊಂಡ ಹುಳುಗಳನ್ನು ದಿನವೂ ಇಷ್ಟು ಶುದ್ಧವಾದ ಕೈಯಿಂದ ಮುತ್ತುವಿಗೆ ಉಣಿಸಲಾಗಿತ್ತು.

"ಉಮ್ಮ, ಸ್ಟಾಪ್," ಎಂದಳು ಶಿಫಾ. ಅವಳಿಗೆ ಅರ್ಥವಾಗಿತ್ತು. ನನ್ನ ಕಡೆ ತಿರುಗಿ ಸಣ್ಣಗೆ, "ಡೋಂಟ್ ಟೆಲ್ ಹರ್, ಡಾಕ್ಟರ್," ಎಂದಳು.

ಹೇಳದೆ ಇರಲು ಸಾಧ್ಯವಿರಲಿಲ್ಲ. ಡಬ್ಬಿ ಇನ್ನೂ ಅವರ ಕೈಯಲ್ಲಿತ್ತು. ಹುಳು ಏನು ತಿಂದಿದೆ, ಅದು ಮುತ್ತುವಿನ ಹೊಟ್ಟೆಗೆ ಏನನ್ನು ಒಯ್ಯುತ್ತದೆ ಎಂದು ಎರಡೇ ವಾಕ್ಯದಲ್ಲಿ ಹೇಳಿದೆ. ಕೇಳಿ ಅವರು ಡಬ್ಬಿಯ ಮುಚ್ಚಳವನ್ನು ಒತ್ತಿ ಹಿಡಿದುಕೊಂಡರು.

"ನೀವು ಸಾಮಾನು ಹೋಗ್ಬಾರ್ದು ಅಂದದ್ದು ಅಂತ ಎಣಿಸಿದೆ ಡಾಕ್ಟ್ರೇ," ಎಂದರು. "ತಿನ್ನುವ ವಸ್ತು ಗಲೀಜು ಆಗ್ತದೆ ಅಂತ ತಲೆಗೇ ಬರ್ಲಿಲ್ಲ."

ಶಿಫಾ ಲುಸೈಲ್‌ನ ಆ ಮನುಷ್ಯನಿಗೆ ಸಂದೇಶ ಕಳುಹಿಸಿದಳು. ಅವನು ಬೇರೆ ದೇಶದಲ್ಲಿ ನೆಲೆಯಾಗಿದ್ದ. ವಾಯ್ಸ್ ನೋಟ್ ಬಂತು. ಹಗುರವಾದ ಇಂಗ್ಲಿಷ್, ನಡುವೆ ನಗು. ತನ್ನ ಉಳಿದ ಗೆಕೋಗಳೂ ಹೀಗೇ ಬಾಲ ಒಣಗಿ ಸತ್ತವಂತೆ. ಇದೊಂದು ಗಟ್ಟಿಯಾಗಿತ್ತು, ಅದಕ್ಕೇ ಮಕ್ಕಳಿರುವ ಮನೆಗೆ ಕೊಟ್ಟನಂತೆ. ಎಷ್ಟೋ ಬಗೆಯ ಭೇದಿ, ಕೀವು, ಹುಳುಗಳನ್ನು ನೋಡಿದ್ದೇನೆ. ಆ ನಗುವಿನಷ್ಟು ಹೇಸಿಗೆ ಯಾವುದೂ ಹುಟ್ಟಿಸಿಲ್ಲ.

ಮುತ್ತುವನ್ನು ನೋವಿಲ್ಲದೆ ಕಳುಹಿಸಬೇಕಾಯಿತು. ಶಿಫಾ ಅದನ್ನು ಅಂಗೈಯಲ್ಲಿ ಹಿಡಿದಿದ್ದಳು, ನಾನು ಇಂಜೆಕ್ಷನ್ ಕೊಟ್ಟೆ. ಅವಳ ಕೈಗೂ ಭೇದಿ ಮೆತ್ತಿತು. ನಫೀಸಾ ಗ್ಲೌಸ್ ಇಲ್ಲದೆ, ಬರಿಗೈಯಲ್ಲಿ ಅದನ್ನು ಒರೆಸಿದರು.

ಹೊಸದನ್ನು ಏನು ಮಾಡುವುದು ಎಂದು ಕೇಳಿದೆ. ಅದು ಬದುಕಿರುವವರೆಗೂ ರೋಗ ಹರಡುತ್ತದೆ, ಇನ್ನೊಬ್ಬರಿಗೆ ಕೊಡುವಂತಿಲ್ಲ, ಅದಕ್ಕೂ ಇಂಜೆಕ್ಷನ್ ಕೊಡಬಹುದು ಎಂದೆ. ಶಿಫಾ ಅದರ ಮುಖ ನೋಡಲಿಲ್ಲ. ನಫೀಸಾ ಮಾತ್ರ, "ನಾನು ಇಟ್ಕೊಳ್ತೇನೆ. ಇನ್ನೊಂದು ಮನೆ ಹಾಳಾಗುದು ಬೇಡ," ಎಂದು ಪೆಟ್ಟಿಗೆಯನ್ನು ಎತ್ತಿಕೊಂಡರು.

ಅಂದಿನಿಂದ ಹೊಸ ಸರೀಸೃಪ ತಂದವರಿಗೆ ಕ್ವಾರಂಟೈನ್ ನಿಯಮಗಳನ್ನು ಹೇಳಿ ಮುಗಿಸಿದ ಮೇಲೆ ನಾನು ಒಂದು ಪ್ರಶ್ನೆ ಕೇಳುತ್ತೇನೆ: ಅದು ತಿಂದು ಬಿಟ್ಟದ್ದನ್ನು ಏನು ಮಾಡುತ್ತೀರಿ? ಗಲೀಜೆಂದು ಕಂಡದ್ದನ್ನು ಜನ ಹೇಗೂ ದೂರವಿಡುತ್ತಾರೆ. ವೈದ್ಯರು ವಿಚಾರಿಸಬೇಕಾದದ್ದು ಅವರಿಗೆ ಗಲೀಜೆಂದು ತೋರದೇ ಇರುವುದನ್ನು.

ಚಳಿಗಾಲದಲ್ಲಿ ನಫೀಸಾ ಹೊಸದರ ಹಿಕ್ಕೆಯ ಮಾದರಿ ಕೊಡಲು ಬಂದಿದ್ದರು. ಅದರ ಬಾಲವೂ ಸಣ್ಣಗಾಗತೊಡಗಿತ್ತು.

"ಮಿಕ್ಕ ಹುಳುಗಳನ್ನು?" ಎಂದು ಕೇಳಿದೆ.

"ಕುದಿಯುವ ನೀರಿಗೆ ಹಾಕಿ ಬಿಸಾಡ್ತೇನೆ ಡಾಕ್ಟ್ರೇ," ಎಂದರು. ಮಾದರಿಯ ಡಬ್ಬಿಯನ್ನು ಮೇಜಿನ ಮೇಲಿಟ್ಟು ಹೇಳಿದರು: "ಈಗ ಗಲೀಜಿಗೆ ನಂಗೆ ಹೇಸಿಗೆ ಆಗುದಿಲ್ಲ. ತಿನ್ನುವ ವಸ್ತು ಬಿಸಾಡುವಾಗ ಆಗ್ತದೆ."