ಬಸ್ ತಪ್ಪಿದ ಅಮ್ಮನ ಎಡಗೆನ್ನೆ

ಪ್ರೊಫೆಸರ್ ಅಂದರೆ ಯಾವ ಕಾಲೇಜಿನವರೂ ಅಲ್ಲ, ಚೌಕದ ಪಕ್ಕದ ಡ್ರೈಕ್ಲೀನಿಂಗ್ ಅಂಗಡಿಯವರು. ಓದಿದ್ದು ಏಳನೇ ಕ್ಲಾಸು. ಈ ಪದವಿ ದಯಪಾಲಿಸಿದವನು ಪಕ್ಕದ ಕಟಿಂಗ್ ಶಾಪಿನವನು. ಅವನನ್ನೂ ತಪ್ಪು ಹೇಳುವಂತಿಲ್ಲ. ಗಿರಾಕಿಯ ಗಲ್ಲಕ್ಕೆ ನೊರೆ ಹಚ್ಚಿ ಕತ್ತಿ ಎತ್ತುವ ಹೊತ್ತಿಗೆ ಸರಿಯಾಗಿ ಇವರು ಬಾಗಿಲಲ್ಲಿ ಹಾಜರಾಗುತ್ತಿದ್ದರು. "ಆ ಪ್ರತಿಮೆ ಕತ್ತು ತಿರುಗಿಸಿರೋದು ನೋಡಿದ್ದೀಯಾ? ಹಾಗೆ ತಿರುಗಿಸ್ಬೇಕು ಅಂದ್ರೆ ಸೊಂಟದಿಂದ ಶುರುಮಾಡ್ಬೇಕು ಕಣಯ್ಯಾ!" ಎಂದು ಪಾಠ ಹಿಡಿದರೆ ಗಲ್ಲದ ಮೇಲಿನ ನೊರೆ ಒಣಗುತ್ತಿತ್ತೇ ಹೊರತು ಪಾಠ ಮುಗಿಯುತ್ತಿರಲಿಲ್ಲ.

ಪ್ರತಿಮೆ ಇದ್ದದ್ದು ಚೌಕದ ನಟ್ಟನಡುವೆ, ಕಂಚಿನದು. ಸೊಂಟಕ್ಕೆ ಗಂಟು ಆನಿಸಿಕೊಂಡ ಹೆಂಗಸು, ಯಾರೋ ಕರೆದರೆಂಬಂತೆ ಹಿಂದಿರುಗಿ ನೋಡುತ್ತಾಳೆ. ಮಾಡಿದವರ ಹೆಸರಿದ್ದ ಫಲಕವನ್ನು ಯಾರೋ ಪುಣ್ಯಾತ್ಮರು ಎಂದೋ ಕಿತ್ತುಕೊಂಡು ಹೋಗಿದ್ದರು. ಎದುರಿಗೇ ಬಸ್ ನಿಲ್ದಾಣ ಇದ್ದದ್ದರಿಂದ ಊರವರು 'ಬಸ್ ತಪ್ಪಿದ ಅಮ್ಮ' ಎಂದು ಹೆಸರಿಟ್ಟು ಕೈತೊಳೆದುಕೊಂಡಿದ್ದರು. ಆ ಹೆಸರು ಕಿವಿಗೆ ಬಿದ್ದರೆ ಸಾಕು, ಪ್ರೊಫೆಸರಿಗೆ ಮೈಯೆಲ್ಲ ಉರಿಯುತ್ತಿತ್ತು.

"ಬಸ್ಸಂತೆ ಬಸ್ಸು! ಬಿಟ್ಟು ಬಂದ ಮನೇನ ನೆನೆಸ್ಕೊಂಡು ಅಳ್ತಿದ್ದಾಳೆ ಕಣ್ರಯ್ಯಾ. ಕಣ್ಣಿಲ್ವಾ ನಿಮಗೆ?"

ಅಳುವಿಗೆ ಸಾಕ್ಷಿ ಎಡಗೆನ್ನೆಯ ಮೇಲಿತ್ತು. ಕಣ್ಣಿನಿಂದ ತುಟಿಯಂಚಿನವರೆಗೆ ಇಳಿದ ಒಂದು ಕಪ್ಪು ಹಸಿರು ಗೆರೆ. ಅದು ಶಿಲ್ಪಿ ಕೊರೆದದ್ದಲ್ಲ, ವರ್ಷಾನುಗಟ್ಟಲೆ ಮಳೆನೀರು ಇಳಿದು ಆದದ್ದು ಎಂಬುದು ಪ್ರೊಫೆಸರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಲೋಹದ ಗುಂಡಿಗೆ ನೀರು ಬಿದ್ದರೆ ಬಟ್ಟೆಯ ಗತಿ ಏನಾಗುತ್ತದೆಂದು ತಿಳಿದೇ ಅಲ್ಲವೇ ಅವರು ಅನ್ನ ತಿನ್ನುತ್ತಿದ್ದದ್ದು? ಆದರೆ ಪ್ರತಿಮೆಯ ವಿಷಯಕ್ಕೆ ಬಂದರೆ ಕಸುಬು ಒಂದು ಕಡೆ, ಭಕ್ತಿ ಇನ್ನೊಂದು ಕಡೆ.

ಹತ್ತೊಂಬತ್ತನೇ ವಯಸ್ಸಿನಲ್ಲಿ ಅವರು ಇಸ್ತ್ರಿ ಕೆಲಸಕ್ಕೆಂದು ಈ ಊರಿಗೆ ಬಂದಿದ್ದರು. ಅಮ್ಮ ತೀರಿಕೊಂಡ ಸುದ್ದಿ ವಾರ ತಡವಾಗಿ ಕಾಗದದಲ್ಲಿ ಬಂತು. ಎಲ್ಲಾ ಮುಗಿದ ಮೇಲೆ ಹೋಗಿ ಏನು ಮಾಡ್ತೀಯ ಅಂದ ಮಾಲೀಕ ರಜೆ ಕೊಡಲಿಲ್ಲ. ಊಟದ ಬಿಡುವಿನಲ್ಲಿ ಪ್ರತಿಮೆಯ ಕಟ್ಟೆಯ ಮೇಲೆ ಕೂತು ತಲೆ ಎತ್ತಿದಾಗ ಮಳೆ ಬಂದು ನಿಂತಿತ್ತು, ಆ ಗೆರೆಯಲ್ಲಿ ಇನ್ನೂ ನೀರು ಹರಿಯುತ್ತಿತ್ತು. ಇಡೀ ಊರಲ್ಲಿ ತನ್ನ ಜೊತೆ ಅತ್ತವಳು ಇವಳೊಬ್ಬಳೇ ಅನ್ನಿಸಿ ಹುಡುಗ ಬಿಕ್ಕಿ ಬಿಕ್ಕಿ ಅತ್ತ. ಅಂದಿನಿಂದ ನಲವತ್ತೆರಡು ವರ್ಷ, ಅವಳ ಮುಖ ನೋಡದೆ ಅಂಗಡಿಯ ಬಾಗಿಲು ತೆಗೆದ ದಿನವಿಲ್ಲ. ಈ ಸಂಗತಿಯನ್ನು ಮಾತ್ರ ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ಊರಿಗೆ ಹಂಚುತ್ತಿದ್ದದ್ದೆಲ್ಲ ಸೊಂಟ, ಕತ್ತು, ನೆರಳು, ಬೆಳಕು.

"ಒಂದು ವಾರದಿಂದ ನನ್ನ ಕತ್ತು ಹಿಡ್ಕೊಂಡಿದೆ ಕಣ್ರೀ, ಅದು ನಿಮ್ಮ ಕಣ್ಣಿಗೆ ಬೀಳಲ್ಲ," ಎಂದು ಹೆಂಡತಿ ಚುಚ್ಚುತ್ತಿದ್ದರು.

ಹೀಗಿರುವಾಗ ನಗರಸಭೆಗೆ ಜ್ಞಾನೋದಯವಾಯಿತು. ಚೌಕದಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ, ನಡುವೆ ಮಾಸಿದ ಪ್ರತಿಮೆಯೊಂದು ದಂಡಕ್ಕೆ ನಿಂತಿದೆ, ಅದನ್ನು ಗೋಡೌನಿಗೆ ಸಾಗಿಸಿದರೆ ಇಪ್ಪತ್ತು ಕಾರು ಹಿಡಿಯುತ್ತವೆ. ಸುದ್ದಿ ಪ್ರೊಫೆಸರ ಕಿವಿಗೂ ಬಿತ್ತು. ಗೋಡೌನು ಅವರು ಕಂಡದ್ದೇ. ಮುರಿದ ಬೆಂಚು, ತೂತಾದ ಡ್ರಮ್ಮುಗಳ ನಡುವೆ ಅವಳನ್ನು ಅಂಗಾತ ಮಲಗಿಸಿಬಿಡುತ್ತಾರೆ! ಅಂದೇ ಕೂತು ಕಮಿಷನರಿಗೆ ಅರ್ಜಿ ಬರೆದರು. ತೂಕ ಇರಲೆಂದು ಬರೆದದ್ದು ಅಂಗಡಿಯ ಹೆಸರು ಅಚ್ಚಾಗಿದ್ದ ಕಾಗದದಲ್ಲಿ.

"ಚೌಕದ ಪ್ರತಿಮೆಯಲ್ಲಿರುವ ಕಲೆಯನ್ನು ಈ ಊರು ಇಷ್ಟು ವರ್ಷ ಕಂಡೂ ಕಾಣದಂತೆ ಇದೆ. ನನ್ನಂಥವನ ಕಣ್ಣಿಗೆ ಇದು ನಿತ್ಯದ ನೋವು. ಮುಖ್ಯವಾಗಿ ಎಡಗೆನ್ನೆಯ ಮೇಲಿನ ಕಲೆಯನ್ನು ತಾವು ಗಮನಿಸಿ, ತಡಮಾಡದೆ ಕ್ರಮ ಕೈಗೊಳ್ಳಬೇಕು."

ಬರೆದು ನಾಲ್ಕು ಸಲ ಓದಿಕೊಂಡು, ತಮ್ಮ ಭಾಷೆಗೆ ತಾವೇ ತಲೆದೂಗಿ, ಟಪಾಲಿನಲ್ಲಿ ಕೊಟ್ಟು ಬಂದರು.

ನಗರಸಭೆಯ ಚರಿತ್ರೆಯಲ್ಲೇ ಮೊದಲ ಬಾರಿಗೆ ಒಂದು ಅರ್ಜಿಯ ಮೇಲೆ ತಡಮಾಡದೆ ಕ್ರಮ ಆಯಿತು. ಹದಿನೈದನೇ ದಿನ ಬೆಳಿಗ್ಗೆ ಪ್ರೊಫೆಸರ್ ಚೌಕಕ್ಕೆ ಬಂದಾಗ ಪ್ರತಿಮೆಗೆ ಏಣಿ ಒರಗಿಸಿತ್ತು. ಆಸಿಡ್ಡಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಇಬ್ಬರು ಆಳುಗಳು ತಂತಿ ಬ್ರಷ್ ಹಿಡಿದು ಅವಳನ್ನು ತಿಕ್ಕುತ್ತಿದ್ದರು.

"ಅಯ್ಯಯ್ಯೋ, ನಿಲ್ಲಿಸ್ರೋ! ಯಾರು ಹೇಳಿದ್ದು ನಿಮಗೆ?"

"ನೀವೇ ಅಲ್ವಾ ಯಜಮಾನ್ರೇ," ಎಂದ ಮೇಸ್ತ್ರಿ ಜೇಬಿನಿಂದ ಅರ್ಜಿಯ ನಕಲು ತೆಗೆದು ಕೈಗಿಟ್ಟ. ಅಂಚಿನಲ್ಲಿ ಗುಮಾಸ್ತ ಮುತ್ತಿನಂಥ ಅಕ್ಷರದಲ್ಲಿ ಷರಾ ಬರೆದಿದ್ದ: "ಅರ್ಜಿದಾರರು ಡ್ರೈಕ್ಲೀನಿಂಗ್ ನಡೆಸುವವರು, ಕಲೆಯ ವಿಷಯ ಬಲ್ಲವರು. ಎಡಗೆನ್ನೆಯ ಕಲೆಯನ್ನು ಮೊದಲು ತೆಗೆಸುವುದು."

ಮೊದಲು ತೆಗೆಸಿಯೂ ಆಗಿತ್ತು. ಸರ್ಕಾರಿ ಕೆಲಸ ಅಷ್ಟು ಚುರುಕಾಗಿ ನಡೆಯಬೇಕಾದರೆ ಅದು ಯಾರದ್ದೋ ಎದೆಯ ಮೇಲೇ ನಡೆಯಬೇಕು. ಪ್ರೊಫೆಸರ್ ಕಾಗದ ಹಿಡಿದು ಕಟ್ಟೆಯ ಮೇಲೆ ಕುಸಿದರು. ಸಾರಿನ ಕಲೆ, ಶಾಯಿ ಕಲೆ, ತುಕ್ಕಿನ ಕಲೆ ಎಂದು ದಿನಕ್ಕೆ ನೂರು ಸಲ ಆ ಎರಡಕ್ಷರ ಉರುಳಿಸುವ ನಾಲಿಗೆ ಅವರದು. ಬರೆಯುವಾಗ ಕೈಗೆ ಹೊಳೆಯಬಾರದಿತ್ತೇ? ಪಾಠ ಹೇಳುವ ಚಟ ಇದ್ದವರಿಗೆ ತಮ್ಮ ಮಾತು ತಮಗೇ ಕೇಳಿಸುವುದಿಲ್ಲ, ಅಷ್ಟೇ.

ತಲೆ ಎತ್ತಿ ನೋಡಿದರು. ಫಳಫಳ ಹೊಳೆಯುವ ಹಳದಿ ಮುಖ. ಗೆರೆ ಹೋದ ಮೇಲೆ ಅಲ್ಲಿ ಅಳುವಿರಲಿಲ್ಲ, ಅಗಲಿಕೆ ಇರಲಿಲ್ಲ. ಹುಬ್ಬು ಗಂಟಿಕ್ಕಿಕೊಂಡ ಹೆಂಗಸೊಬ್ಬಳು, ದೇವರಾಣೆಗೂ ಈಗಷ್ಟೇ ಬಸ್ಸು ತಪ್ಪಿಸಿಕೊಂಡವಳ ಹಾಗೆ ನೋಡುತ್ತಿದ್ದಳು.

ಎರಡು ದಿನ ಅಂಗಡಿ ತೆಗೆಯಲಿಲ್ಲ. "ಒಂದು ಬೊಂಬೆಗೋಸ್ಕರ ಇಷ್ಟೊಂದಾ?" ಎಂದು ಹೆಂಡತಿ ರೇಗಿದಾಗ ಅಮ್ಮನ ಕಾಗದದ ಕಥೆ ಹೊರಗೆ ಬಂತು. ಹೆಂಡತಿ ರೇಗುವುದನ್ನು ಬಿಟ್ಟು ಪಕ್ಕದಲ್ಲಿ ಬಂದು ಕೂತರು.

"ಇಷ್ಟು ವರ್ಷ ಅದರ ಹತ್ರ ಅತ್ರಿ. ನನ್ನ ಹತ್ರ ಒಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ?"



ಅತ್ತ ಚೌಕದಲ್ಲಿ ಬೇರೆಯೇ ಸಂಭ್ರಮ. ಹೊಳೆಯುವ ಪ್ರತಿಮೆಯ ಪಕ್ಕ ಕಮಿಷನರ್ ನಿಂತ ಫೋಟೊ ಪತ್ರಿಕೆಯಲ್ಲಿ ಬಂದದ್ದೇ ತಡ, ಗೋಡೌನಿನ ಮಾತು ಹಿಂದಕ್ಕೆ ಸರಿಯಿತು. ಅರ್ಜಿ ಕೊಟ್ಟ ನಾಗರಿಕರಿಗೆ ಪ್ರತಿಮೆಯ ಮುಂದೆಯೇ ಸಭೆ ಮಾಡಿ ಪ್ರಶಂಸಾಪತ್ರ ಕೊಡುವುದೆಂದೂ ತೀರ್ಮಾನವಾಯಿತು. ಪ್ರೊಫೆಸರ್ ಹಲ್ಲು ಕಚ್ಚಿಕೊಂಡು ಭಾಷಣ ಸಿದ್ಧ ಮಾಡಿಕೊಂಡರು. ಕಲೆ ಅಂದರೆ ಏನೆಂದು ಆ ಗುಮಾಸ್ತನಿಂದ ಹಿಡಿದು ಕಮಿಷನರವರೆಗೆ ಎಲ್ಲರ ಮುಖಕ್ಕೆ ಹೊಡೆದ ಹಾಗೆ ಹೇಳುವುದೇ ಸರಿ. ಕಟಿಂಗ್ ಶಾಪಿನವನು ಅಂಗಡಿ ಮುಚ್ಚಿ ಮುಂದಿನ ಸಾಲಿನಲ್ಲಿ ಬಂದು ಕೂತ. ಈ ಒಂದು ಪಾಠವನ್ನು ಪೂರ್ತಿ ಕೇಳುತ್ತೇನೆಂದು ಮಾತು ಕೊಟ್ಟಿದ್ದ.

ಕಮಿಷನರ್ ಮೈಕು ಹಿಡಿದು ನಗುನಗುತ್ತ ಹೇಳಿದರು: "ಇನ್ನೂ ಈ ಪ್ರತಿಮೆ ಇಲ್ಲಿ ಬೇಡ ಅನ್ನೋ ಸದಸ್ಯರಿದ್ದಾರೆ. ಸರಿಯಾಗಿ ಕ್ಲೀನ್ ಆಗಿಲ್ಲ ಅಂದ್ರೆ ನಾಳೆನೇ ಗೋಡೌನಿಗೆ ಕಳಿಸಿಬಿಡೋಣ ಅಂತ ಅವರಿಗೆ ಹೇಳಿದ್ದೀನಿ. ತೀರ್ಪು ನಿಮ್ಮದೇ ಯಜಮಾನ್ರೇ. ನೀವೇ ಬಲ್ಲವರು. ಇನ್ನೂ ಎಲ್ಲಾದ್ರೂ ಕಲೆ ಉಳಿದಿದೆಯಾ?"

ಮೈಕು ಪ್ರೊಫೆಸರ ಕೈಗೆ ಬಂತು. ಭಾಷಣದ ಕಾಗದ ಜೇಬಿನಲ್ಲೇ ಇತ್ತು. ಅವರು ಹಿಂದಿರುಗಿ ಆ ಹಳದಿ ಕೆನ್ನೆಯನ್ನು ನೋಡಿದರು.

"ಇಲ್ಲ ಸಾರ್," ಎಂದರು. "ಕಲೆ ಅನ್ನೋದು ಒಂಚೂರೂ ಉಳಿದಿಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು.